ನಿವೃತ್ತಿ ಆದಮೇಲೆ ಇಬ್ಬರೇ ಕಾರಿನಲ್ಲಿ: ಅಮೆರಿಕದ ಮರುಭೂಮಿ ಪಾರ್ಕುಗಳು, ಗಂಗಾವತಿಯಿಂದ ಹೋದವರ ಅನುಭವ

ಎಡದಂಡೆ_ಗಂಗಾವತಿ

ಎಲ್ಲರಿಗೂ ನಮಸ್ಕಾರ. ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಅಮೆರಿಕದಲ್ಲಿ ಕಾರು ಓಡಿಸಿಕೊಂಡು ತಿರುಗಬಹುದಾ ಅಂತ ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು. ತಿರುಗಬಹುದು. ನಾವು ತಿರುಗಿ ಬಂದಿದ್ದೇವೆ. ಹದಿಮೂರು ದಿನದ ಲೆಕ್ಕ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ತುಂಗಭದ್ರಾ ಎಡದಂಡೆ ಕಾಲುವೆ ಮೇಲೆ 33 ವರ್ಷ ಕೆಲಸ ಮಾಡಿದ ಇಂಜಿನಿಯರ್. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದರು. ಮಗಳು ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾಳೆ. 2024ರ ದಸರಾ ಮುಗಿದ ಮೇಲೆ ಅವಳ ಮನೆಯಿಂದ ಹೊರಟು ಒಂದು ದೊಡ್ಡ ಸುತ್ತು ಹಾಕಿದೆವು: ಪೆಟ್ರಿಫೈಡ್ ಫಾರೆಸ್ಟ್, ಗ್ರ್ಯಾಂಡ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ, ಪೇಜ್ ಅನ್ನುವ ಊರು, ಬ್ರೈಸ್, ಜಯಾನ್, ಹೂವರ್ ಅಣೆಕಟ್ಟು, ಜೋಶುವಾ ಟ್ರೀ, ಮತ್ತೆ ಫೀನಿಕ್ಸ್. ಅಳಿಯಂದಿರು ತಾವೂ ಬರುತ್ತೇನೆ ಅಂದರು. ನಾವೇ ಬೇಡ ಅಂದೆವು. ನೌಕರಿ, ಮಕ್ಕಳ ಓದು, ಅತ್ತೆಯವರ ಕಾಯಿಲೆ ಅಂತ ಮೂವತ್ತು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ನಾಲ್ಕು ದಿನ ಹೋದವರಲ್ಲ.

ಆ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದದ್ದು ನಿಮಗೆಲ್ಲ ನೆನಪಿದೆ. ಟಿಕೆಟ್ ಆಗಲೇ ಆಗಿತ್ತು. ಕಡಿದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ (ನೀರು ತಡೆಯಲು ಇಳಿಸುವ ತಾತ್ಕಾಲಿಕ ಅಡ್ಡಪಟ್ಟಿ) ಕೂರುವ ತನಕ ನನಗೆ ಹೋಗುವ ಮನಸ್ಸೇ ಇರಲಿಲ್ಲ. ಗೇಟಿನ ಜಾಗದಲ್ಲಿ ನೀರು ಹರಿದುಹೋಗುವುದು ನಿಂತಿತು ಅಂತ ಗೊತ್ತಾದ ಮೇಲೆ ಪೆಟ್ಟಿಗೆ ಕಟ್ಟಿದೆವು.

ಮೊದಲು ಡ್ರೈವಿಂಗ್ ವಿಷಯ. ಊರಿನಲ್ಲೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ನಮ್ಮ ಮೂಲ ಲೈಸೆನ್ಸ್ ಜೊತೆಗೇ ಇರಬೇಕು. ಅಲ್ಲಿ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಕ್ಕೆ. ಮಗಳ ಮನೆ ಹತ್ತಿರದ ಒಂದು ಖಾಲಿ ಪಾರ್ಕಿಂಗ್ ಬಯಲಿನಲ್ಲಿ ಎರಡು ಬೆಳಗ್ಗೆ ಸುತ್ತು ಹೊಡೆದೆ. ನೇರ ರಸ್ತೆ ಕಷ್ಟವಲ್ಲ, ತಪ್ಪಾಗುವುದು ಎಡಕ್ಕೆ ತಿರುಗುವಾಗ. ಪ್ರತಿ ತಿರುವಿನಲ್ಲೂ ನಮ್ಮ ಮನೆಯವರು "ಬಲಕ್ಕ ಇರ್ರಿ" ಅನ್ನುತ್ತಿದ್ದರು. ಹದಿಮೂರು ದಿನವೂ ಅಂದರು, ಅದು ಬಹಳ ಉಪಯೋಗಕ್ಕೆ ಬಂತು.

ಒಂದು ಕಡೆ ಮೋಸ ಹೋದೆವು. ಅರಿಜೋನಾ ರಾಜ್ಯದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ಪದ್ಧತಿ ಇಲ್ಲ. ಅದೇ ರಾಜ್ಯದೊಳಗಿನ ನವಾಹೊ ಬುಡಕಟ್ಟಿನವರ ನಾಡಿನಲ್ಲಿ ಇದೆ. ಮಾನ್ಯುಮೆಂಟ್ ವ್ಯಾಲಿ ಅವರದೇ ಪಾರ್ಕು, ಕೇಂದ್ರ ಸರ್ಕಾರದ್ದಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನಿಂದ ನಿಧಾನಕ್ಕೆ ಹೋದ ನಮಗೆ ಅಲ್ಲಿ ಒಂದು ಗಂಟೆ ಮುಂದೆ ಓಡಿದೆ ಅಂತ ತಿಳಿದದ್ದು 17 ಮೈಲಿಯ ಒಳರಸ್ತೆಯ ಗೇಟು ಮುಚ್ಚಿದ ಮೇಲೆ. ಮರುದಿನ ಬೆಳಗ್ಗೆ ಹೋದೆವು. ಆದರೆ ಸಂಜೆಯ ಬೆಳಕು ತಪ್ಪಿತು, ಆ ಬೇಸರ ಇನ್ನೂ ಇದೆ.

ಇನ್ನು ನನ್ನ ಮನಸ್ಸಿನಲ್ಲಿ ಕೂತದ್ದು. ಪೇಜ್ ಊರಿನ ಹತ್ತಿರ ಕೊಲೊರಾಡೊ ನದಿಗೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟಿದ್ದಾರೆ, 216 ಮೀಟರ್ ಎತ್ತರ. ಕೊಲೊರಾಡೊ ಅಂದರೆ ಸ್ಪ್ಯಾನಿಶ್ ಮಾತಿನಲ್ಲಿ ಕೆಂಬಣ್ಣದ್ದು ಅಂತ ಅರ್ಥ. ಅಣೆಕಟ್ಟಿನ ಕೆಳಗೆ ನಿಂತು ನೋಡಿದರೆ ನೀರು ಪಚ್ಚೆ ಹಸಿರು, ತಳ ಕಾಣುವಷ್ಟು ತಿಳಿ. ನೋಡುತ್ತಿದ್ದ ಬೇರೆಯವರೆಲ್ಲ ಎಷ್ಟು ಚಂದ ಅನ್ನುತ್ತಿದ್ದರು. ನನಗೆ ಮಾತ್ರ ಎದೆಯಲ್ಲಿ ಏನೋ ಆಯಿತು. ಆ ನದಿಗೆ ಹೆಸರು ಕೊಟ್ಟ ಕೆಂಪು ಮಣ್ಣೆಲ್ಲ ಅಣೆಕಟ್ಟಿನ ಹಿಂದೆ ಹೂಳಾಗಿ ಕೂತಿದೆ. ನಮ್ಮ ತುಂಗಭದ್ರೆ 1953ರಲ್ಲಿ ತುಂಬಲು ಶುರುವಾದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಹಿಡಿಯುವುದು 105 ಚಿಲ್ಲರೆ. ಹೂಳು ಅನ್ನುವುದು ನನಗೆ ಪುಸ್ತಕದ ಮಾತಲ್ಲ, ಪ್ರತಿ ವರ್ಷ ನೀರು ಬಿಡುವ ಸಭೆಯಲ್ಲಿ ಕಳೆಯಬೇಕಾದ ಅಂಕಿ.

ಅಲ್ಲಿಯ ಕೆಂಪು ಬಂಡೆಗಳ ಮೇಲೆ ನೀರು ಇಳಿದ ಕಡೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ ಇದೆ. ನೀರಿನಲ್ಲಿದ್ದ ಖನಿಜ ಬಂಡೆಗೆ ಅಂಟಿ ಉಳಿದದ್ದು. ಆಮೇಲೆ ಅದೇ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿನ ಮೇಲೆ ನಿಂತಾಗಲೂ ಅದೇ ಪಟ್ಟಿ, ಇನ್ನೂ ಅಗಲ. 2022ರ ಜುಲೈನಲ್ಲಿ ಆ ಜಲಾಶಯ 1930ರ ದಶಕದಲ್ಲಿ ತುಂಬಿದ ಮೇಲೆ ಹಿಂದೆಂದೂ ಇಳಿಯದಷ್ಟು ಇಳಿದಿತ್ತು. ಏಳು ರಾಜ್ಯಗಳು 1922ರಲ್ಲಿ ಕೂತು ಆ ನದಿಯನ್ನು ಹಂಚಿಕೊಂಡವು. ಅವರು ಲೆಕ್ಕಕ್ಕೆ ಹಿಡಿದದ್ದು ಒಳ್ಳೆ ಮಳೆ ಬಿದ್ದ ವರ್ಷಗಳ ನೀರನ್ನು. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದರು. ಈಗ ಆ ನದಿ ಹೆಚ್ಚಿನ ವರ್ಷ ಸಮುದ್ರವನ್ನೇ ಮುಟ್ಟುವುದಿಲ್ಲ.

ಹೊತ್ತಾಯಿತು. ಉಳಿದದ್ದು ನಾಳೆ.

ರಾಯಚೂರು_ಅಕ್ಕ

ಸರ್, ಕೊನಿ ಮಾತು ಓದಿ ಸುಮ್ಮನ ಕುಂತೆ. ನಮ್ಮ ಹೊಲ ಸಿರವಾರ ಕಡಿ ಅದ, ಎಡದಂಡೆ ಕಾಲುವಿಯ 104ನೇ ಮೈಲಿನ ಕೆಳಗ. ಗೇಜ್ (ಕಾಲುವಿ ನೀರಿನ ಮಟ್ಟ) ಇಷ್ಟು ಕಾಯ್ತೀವಿ ಅಂತ ಪ್ರತಿ ವರ್ಷ ಹೇಳ್ತಾರ, ನಮ್ಮ ಉಪಕಾಲುವಿಗೆ ನೀರು ಬರೂದು ಬಿಡೂದು ದೇವರಿಗೇ ಗೊತ್ತು. ಅಷ್ಟು ದೊಡ್ಡ ದೇಶದಾಗೂ ಕೊನೆಭಾಗದವರ ಪಾಡು ಇದೇ ಏನ್ರಿ?

ಇನ್ನೊಂದು ಕೇಳ್ತೀನಿ. ನಮ್ಮ ಯಜಮಾನ್ರಿಗೆ ಶುಗರ್, ನನಗ ಮೊಣಕಾಲು. ನಾನು ನರ್ಸ್ ಆಗಿ ರಿಟೈರ್ ಆದಾಕಿ, ಹಂಗಾಗಿ ಗುಳಿಗಿ, ನೀರು, ಪಾಯಖಾನಿ, ಇವೇ ಮೊದಲು ತಲಿಗೆ ಬರ್ತಾವ. ಬಿಸಿಲಿನ ಚಿಂತಿ ಇಲ್ಲ, ರಾಯಚೂರಿನ ಮೇ ತಿಂಗಳು ಕಳದವರು ನಾವು.

ಎಡದಂಡೆ_ಗಂಗಾವತಿ

ಅಕ್ಕಾರೆ, ನಾನು ಕೆಲಸದಲ್ಲಿದ್ದಾಗ 69ನೇ ಮೈಲಿನಲ್ಲೂ ಇದ್ದೆ, 104ರಲ್ಲೂ ಇದ್ದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಗೇಜ್ ನೋಡಿ, ಮೇಲಿನವರಿಗೆ ಫೋನ್ ಹಚ್ಚಿ ಬೇಡಿಕೊಂಡದ್ದೂ ಉಂಟು. ಕೊನೆಯ ಹೊಲಕ್ಕೆ ನೀರು ಮುಟ್ಟಿಸಲಾಗದ ವರ್ಷಗಳು ನನ್ನ ತಲೆಯಲ್ಲಿ ಹಾಗೇ ಇವೆ. ನಿಮ್ಮ ಪ್ರಶ್ನೆಗೆ ಹೌದು ಅನ್ನುವುದೇ ಉತ್ತರ. ಅಲ್ಲಿ ಕೊನೆಭಾಗ ಅಂದರೆ ಮೆಕ್ಸಿಕೊ. ನದೀಮುಖದಲ್ಲಿ ಒಂದು ಕಾಲಕ್ಕೆ ಹಸಿರಾಗಿದ್ದ ಜೌಗು ನಾಡು ಒಣಗಿಹೋಗಿದೆ.

ಆರೋಗ್ಯದ ವಿಷಯ ನಮ್ಮ ಮನೆಯವರು ಬರೆಯುತ್ತಾರೆ, ಅದೆಲ್ಲ ನೋಡಿಕೊಂಡವರು ಅವರೇ.

ಎಡದಂಡೆ_ಗಂಗಾವತಿ

(ಇದು ನಾನು, ಅವರ ಮನೆಯವರು.)

ಅಕ್ಕಾ, ಬಿಸಿಲಿನ ಚಿಂತಿ ಇಲ್ಲ ಅನಬ್ಯಾಡ್ರಿ. ನಮ್ಮ ಬಿಸಿಲಿನಾಗ ಬೆವರು ಮೈಮ್ಯಾಲೆ ನಿಲ್ತತಿ, ಬಾಯಾರಿಕಿ ಗೊತ್ತಾಗ್ತತಿ. ಅಲ್ಲಿ ಗಾಳಿ ಅಷ್ಟು ಒಣ, ಬೆವರು ಬಂದದ್ದೂ ತಿಳಿಯೂದಿಲ್ಲ, ಆರಿದ್ದೂ ತಿಳಿಯೂದಿಲ್ಲ. ತಲಿಗೆ ದಿನಕ್ಕ ನಾಕು ಲೀಟರ್ ನೀರು ಅಂತ ಪಾರ್ಕಿನವರೇ ಹೇಳ್ತಾರ. ನಾವು ಡಿಕ್ಕಿಯೊಳಗ ಹತ್ತು ಲೀಟರ್ ಕಡಿಮಿ ಆಗದಂಗ ನೋಡಿಕೊಂಡ್ವಿ. ಗುಳಿಗಿ ಚೀಲ ಮಾತ್ರ ಡಿಕ್ಕಿಯೊಳಗ ಇಡಬ್ಯಾಡ್ರಿ, ಕಾಯ್ತತಿ. ನಿಮ್ಮ ಯಜಮಾನ್ರು ಇನ್ಸುಲಿನ್ ತಗೊಳ್ತಿದ್ರ ತಣ್ಣಗಿಡೂ ಡಬ್ಬಿ ಬೇಕು.

ಚಳಿ ನಾವು ಎಣಿಸಿರಲಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚು 2100 ಮೀಟರ್ ಎತ್ತರ, ಬ್ರೈಸ್ ಊಟಿಗಿಂತ ಎತ್ತರ. ಬ್ರೈಸಿನಾಗ ಬೆಳಗ್ಗೆ ಕಾರಿನ ಗಾಜಿನ ಮ್ಯಾಲೆ ಮಂಜು ಗಟ್ಟಿಯಾಗಿತ್ತು. ನಾಕು ಮೆಟ್ಟಲ ಹತ್ತಿದ್ರ ನನಗ ಏದುಸಿರು. ಅವತ್ತು ಮಧ್ಯಾಹ್ನದ ತನಕ ಬೆಂಚಿನ ಮ್ಯಾಲೆ ಕುಂತು ನೋಡಿದೆ, ಏನೂ ಕಳಕೊಂಡಂಗ ಆಗಲಿಲ್ಲ. ಹಗಲು ಕರಗಿದ ನೀರು ಬಂಡಿ ಬಿರುಕಿನಾಗ ಇಳೀತತಿ, ರಾತ್ರಿ ಹೆಪ್ಪುಗಟ್ಟಿ ಉಬ್ಬಿ ಕಲ್ಲು ಒಡೀತತಿ. ವರ್ಷದಾಗ ಸುಮಾರು ಇನ್ನೂರು ದಿನ ಹಿಂಗ ಆಗ್ತತಂತ. ಆ ಸಾವಿರಾರು ಕಲ್ಲಿನ ಕಂಬ ಎದ್ದದ್ದು ಹಂಗ. ಈ ಪಾಠ ನಾನು ಎಷ್ಟು ವರ್ಷ ಬೋರ್ಡಿನ ಮ್ಯಾಲೆ ಬರದೀನಿ, ಕಣ್ಣಾರೆ ಕಂಡದ್ದು ಅವತ್ತೇ.

ಮೊಣಕಾಲಿದ್ದವರು ಕಣಿವಿ ಒಳಗ ಇಳಿಯೂ ಆಸೆ ಬಿಡ್ರಿ. ನಾವು ಮುಕ್ಕಾಲು ತಾಸು ಇಳಿದ್ವಿ, ಹತ್ತಾಕ ಎರಡು ತಾಸು ಹಿಡೀತು. ಅಂಚಿನ ಮ್ಯಾಲೆ ಪಾರ್ಕಿನವರದೇ ಬಸ್ಸು ಓಡಾಡ್ತಾವ, ಅವೇ ಸಾಕು. ಪಾಯಖಾನಿ ಎಲ್ಲಾ ಕಡಿ ಅದಾವ, ಸ್ವಚ್ಛ ಇಟ್ಟಾರ.

ಊಟಕ್ಕ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ದಿದ್ವಿ. ವಿಮಾನ ಇಳಿದ ಕೂಡಲೆ ಎಲ್ಲಾ ತೋರಿಸಿ ಹೇಳಿದ್ವಿ, ಬಿಟ್ಟರು. ಒಂದು ಮಾತು, ರೊಟ್ಟಿ ಚೂರು ಅಳಿಲಿಗೆ ಹಾಕಬ್ಯಾಡ್ರಿ. ಅಲ್ಲಿ ಅಳಿಲು ಬೆರಳು ಕಚ್ಚಿದ್ದು ಭಾಳ ಐತಂತ.

ಸೊಂಡೂರು_ಅದಿರು

ಅಮ್ಮಾ, ಸರ್, ಇಬ್ರಿಗೂ ನಮಸ್ಕಾರ. ನಾನು ಗಣಿಯಲ್ಲಿ ಭೂವಿಜ್ಞಾನಿಯಾಗಿ ಕೆಲಸ ಮಾಡಿದವನು. ಆ ಕೆಂಪಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿನ ಮರಳುಗಲ್ಲಿನ ಒಂದೊಂದು ಕಣಕ್ಕೂ ತೆಳ್ಳಗೆ ಹೆಮಟೈಟ್ ಅನ್ನುವ ಕಬ್ಬಿಣದ ಖನಿಜದ ಲೇಪ ಇರುತ್ತದೆ, ಅದಕ್ಕೇ ಇಡೀ ಬೆಟ್ಟ ಕೆಂಪು. ನಮ್ಮ ಸೊಂಡೂರಿನ ಅದಿರೂ ಅದೇ ಹೆಮಟೈಟ್. ಅಲ್ಲಿ ಬರೀ ಬಣ್ಣಕ್ಕಾಗುವಷ್ಟು, ಇಲ್ಲಿ ಒಳ್ಳೆ ಅದಿರಿನಲ್ಲಿ ನೂರಕ್ಕೆ ಅರವತ್ತರ ಮೇಲೆ ಕಬ್ಬಿಣ. ಅದಕ್ಕೇ ಅಲ್ಲಿನ ಬೆಟ್ಟ ಪಾರ್ಕಾಯಿತು, ನಮ್ಮದು ಲಾರಿ ಹತ್ತಿತು.

ಇನ್ನೊಂದು. ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿನಲ್ಲಿ ನೀವು ನಿಂತ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ತಳದಲ್ಲಿ ನದಿ ಪಕ್ಕ ಕಪ್ಪಗೆ ಕಾಣುವ ಶಿಲೆಗೆ 170 ಕೋಟಿ ವರ್ಷದ ಮೇಲೆ. ನೀವು ಗಂಗಾವತಿಯಲ್ಲಿ ದಿನಾ ನೋಡುವ ಆನೆಗುಂದಿಯ ಬಂಡೆಗಳಿಗೆ ಸುಮಾರು 250 ಕೋಟಿ. ಆ ಕಣಿವೆಯ ತಳಕ್ಕಿಂತ ನಮ್ಮ ಬಂಡೆ ಹಳೇದು.

ಕಂಪ್ಲಿ_ಕಾಕಾ

ಎಲ್ಲಾ ಓದಿದೆ. ಬೇಜಾರು ಮಾಡ್ಕೋಬ್ಯಾಡ್ರಿ, ಮನಸಿಗೆ ಬಂದದ್ದು ಹೇಳ್ತೀನಿ. ಕಲ್ಲು ನೋಡಾಕೆ ಅಷ್ಟು ರೊಕ್ಕ ಸುರಿದು ಸಮುದ್ರ ದಾಟಬೇಕಾ? ಸೊಂಡೂರಿನವರೇ ಹೇಳಿದ್ರಲ್ಲ, ನಮ್ಮ ಕಲ್ಲೇ ಹಳೇದು ಅಂತ. ನಮ್ಮ ಹೊಳೆ ದಂಡೆಗೆ ನಿಂತ್ರೆ ಬೇಕಾದಷ್ಟು ಬಂಡೆ ಐತೆ. ಆ ರೊಕ್ಕ ಮೊಮ್ಮಕ್ಕಳ ಹೆಸರಿಗೆ ಇಟ್ಟಿದ್ರೆ ಆಗ್ತಿರಲಿಲ್ವಾ?

ಎಡದಂಡೆ_ಗಂಗಾವತಿ

(ಇದೂ ನಾನೇ, ಅವರ ಮನೆಯವರು.)

ಕಾಕಾರೆ, ಬೇಜಾರಿಲ್ಲ. ಈ ಮಾತು ಹೊರಡೂಕಿಂತ ಮೊದಲು ನಾನೂ ಅಂದಿದ್ದೆ.

ಕೊನಿಗೆ ಹೋದದ್ದು ಜೋಶುವಾ ಟ್ರೀ. ಆ ಮರ ನೋಡಾಕಂತ ಹೋದ್ವಿ, ಕತ್ತಾಳಿ ಬಳಗಕ್ಕ ಸೇರಿದ್ದು, ಕೈ ಎತ್ತಿ ನಿಂತಂಗ ಕಾಣ್ತತಿ. ಕಾರಿನಿಂದ ಇಳಿದು ಎದುರು ನೋಡಿದ್ರ ಆನೆಗುಂದಿ! ಒಂದರ ಮ್ಯಾಲೊಂದು ಪೇರಿಸಿಟ್ಟ ಗುಂಡು, ನಡುವ ಸಂದಿ, ಬೀಳ್ತತೇನೋ ಅನ್ನೂವಂಗ ತುದಿಗೆ ಕುಂತ ಬಂಡಿ. ಹತ್ತಿರ ಹೋಗಿ ಅಂಗೈ ಉಜ್ಜಿದೆ. ಜ್ವಾಳದ ನುಚ್ಚಿನಂಥಾ ಕಾಳು ಉದುರಿ ಕೈಯಾಗ ಬಂತು. ಬೂದು ಬಣ್ಣದ್ದು, ತಿಳಿ ಗುಲಾಬಿ, ನಡುವ ಕರಿ ಚುಕ್ಕಿ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. 28 ವರ್ಷ ಪುಸ್ತಕದ ಚಿತ್ರ ತೋರಿಸಿ ಮಕ್ಕಳ ಕೈಲೆ ಬಾಯಿಪಾಠ ಮಾಡಿಸಿದ್ದು ಇದನ್ನ. ನಮ್ಮ ಸಾಲಿ ಹಿಂದಿನ ಗುಡ್ಡದಾಗೂ ಇದೇ ನುಚ್ಚು ಉದುರ್ತತಿ. ಒಂದು ದಿನ ಮಕ್ಕಳನ್ನ ಅಲ್ಲಿಗೆ ಕರಕೊಂಡು ಹೋಗಿ ಕೈ ಉಜ್ಜಿಸಲಿಲ್ಲ ನಾನು. ಅಲ್ಲೇ ನಿಂತು ಕಣ್ಣಾಗ ನೀರು ಬಂತು.

ಅಲ್ಲಿ ಒಂದು ಬೋರ್ಡಿನ ಮ್ಯಾಲೆ ಬರದಾರ, ಆ ಕಲ್ಲು 10 ಕೋಟಿ ವರ್ಷದ ಹಿಂದ ನೆಲದೊಳಗ ಕುದ್ದು ತಣ್ಣಗಾದದ್ದು. ಬಿರುಕಿನಾಗ ನೀರು ಇಳಿದು ಮಣ್ಣಿನೊಳಗಿರೂವಾಗಲೇ ಮೂಲಿ ಎಲ್ಲಾ ಸವೆದು ಗುಂಡಗಾದವು, ಆಮ್ಯಾಲೆ ಮಣ್ಣು ಕೊಚ್ಚಿ ಹೋಗಿ ಗುಂಡು ಉಳಿದವು. ಅಂಜನಾದ್ರಿ ಹತ್ತೂ ಜನರಿಗೆ ಇದನ್ನ ಹೇಳೂ ಒಂದು ಬೋರ್ಡ್ ನಾನು ಕಂಡಿಲ್ಲ.

ಇನ್ನೊಂದು ಹೇಳ್ತೀನಿ. ಪೆಟ್ರಿಫೈಡ್ ಫಾರೆಸ್ಟಿನಾಗ 20 ಕೋಟಿ ವರ್ಷಕ್ಕೂ ಹಿಂದಿನ ಮರದ ದಿಮ್ಮಿ ಕಲ್ಲಾಗಿ ಬಿದ್ದಾವ. ಮರದ ಆಕಾರ ಹಂಗ ಐತಿ, ಒಳಗೆಲ್ಲಾ ಬೆಣಚು, ಕೆಂಪು ಹಳದಿ ನೇರಳಿ. ಒಂದು ಚೂರು ಒಯ್ದರೂ ತಪ್ಪು. ಹಂಗೂ ಜನ ಒಯ್ತಾರ. ಒಯ್ದವರು ವರ್ಷಗಟ್ಟಲೆ ಆದಮ್ಯಾಲೆ ಮನಸು ತಡೀಲಾರದ ಕಾಗದ ಬರದು ಕಲ್ಲು ವಾಪಸ್ ಕಳಸ್ತಾರ. ಎಲ್ಲಿಂದ ಎತ್ತಿದ್ದು ಅಂತ ಗೊತ್ತಿಲ್ಲದ್ದಕ್ಕ ಅವನ್ನ ಮತ್ತ ಆ ಜಾಗಕ್ಕ ಇಡಾಕ ಬರೂದಿಲ್ಲ, ಒಂದು ಕಡಿ ಗುಡ್ಡಿ ಹಾಕ್ಯಾರ. ಆ ಕಾಗದಗಳನ್ನ ಓದ್ತಾ ನಾನು ನಮ್ಮ ಕಲ್ಲುಗಣಿಗಳನ್ನ ನೆನಸಿದೆ.

ರೊಕ್ಕದ ಮಾತು ಖರೇ. ಮೊಮ್ಮಕ್ಕಳಿಗೆ ಇಟ್ಟೀವಿ, ಕಾಕಾರೆ. ಇದು ನನ್ನ ಪಿಂಚಣಿ.

ಕೌಲ್‌ಬಜಾರ್_ಹುಡುಗ

ಟೀಚರ್, ಆ ಕಲ್ಲುಗಣಿ ಮಾತಿಗೆ ನಾನು ಬರೀಲೇಬೇಕು. ನಮ್ಮಪ್ಪ ಸಂಗನಕಲ್ಲು ಕಡೆಯವರು. ಬಳ್ಳಾರಿಯಿಂದ ಅಷ್ಟು ಹತ್ತಿರದ ಕುಪ್ಪಗಲ್ಲು ಗುಡ್ಡದ ಮೇಲೆ ಹೊಸ ಶಿಲಾಯುಗದವರು ಕೆತ್ತಿದ ಗೂಳಿ, ಮನುಷ್ಯರ ಚಿತ್ರ ಐತೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ, ಅದೂ ಹೊರಗಿನವರು ಬರೆದದ್ದು ಓದಿ. ಅಪ್ಪ ಈ ವರ್ಷ ರಿಟೈರ್ ಆದ್ರು. ಅಮ್ಮನೂ ಅವರೂ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ. ಅಮೆರಿಕಕ್ಕೆ ಕಳಿಸೋ ಶಕ್ತಿ ಈಗ ನನಗಿಲ್ಲ. ನೀವಿಬ್ರೂ ಅಲ್ಲಿ ನೋಡಿದ ಹಾಗೇ ಇಲ್ಲೇ ಎರಡು ದಿನ ಕಾರಲ್ಲಿ ತಿರುಗಿಸ್ಬೇಕಂದ್ರೆ ಹೆಂಗೆ ಹೋಗ್ಬೇಕು? ಹಂಗೇ ಅಲ್ಲಿ ಪಾಸು ಎಷ್ಟು ಅಂತಾನೂ ಹೇಳಿ, ಮುಂದೆ ಯಾವತ್ತಾದ್ರೂ ಬೇಕಾಗ್ತದೆ.

ಎಡದಂಡೆ_ಗಂಗಾವತಿ

ತಮ್ಮಾ, ಮೊದಲು ಪಾಸು. ನಾವು ಹೋದಾಗ ಒಂದು ಕಾರಿಗೆ ವರ್ಷದ ಪಾಸು 80 ಡಾಲರ್, ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ನಡೆಯುತ್ತಿತ್ತು. 2026ರ ಜನವರಿಯಿಂದ ಹೊರದೇಶದವರಿಗೆ ಅದನ್ನು 250 ಡಾಲರ್ ಮಾಡಿದ್ದಾರೆ. ಆ ಪಾಸಿಲ್ಲದೆ ಹೋದರೆ ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಬ್ರೈಸ್ ಸೇರಿ ಹನ್ನೊಂದು ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚಿಗೆ. ಹಿರಿಯರ ಅಗ್ಗದ ಪಾಸು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಮಾನ್ಯುಮೆಂಟ್ ವ್ಯಾಲಿಗೆ ಯಾವ ಪಾಸೂ ನಡೆಯುವುದಿಲ್ಲ, ಅಲ್ಲಿ ನವಾಹೊದವರಿಗೆ ಬೇರೆ ಕೊಡಬೇಕು.

ಈಗ ನಿಮ್ಮ ಎರಡು ದಿನ. ನಾವು ಬಂದಮೇಲೆ ನಮ್ಮ ಕಾರಿನಲ್ಲಿ ಇದನ್ನು ಮೂರು ಸಲ ಮಾಡಿದ್ದೇವೆ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಮೊದಲು ನೋಡಿ, ಆಮೇಲೆ ಗುಡ್ಡ ಹತ್ತಿದರೆ ಕಣ್ಣಿಗೆ ಎಲ್ಲ ಸಿಗುತ್ತದೆ. ಕುಪ್ಪಗಲ್ಲಿಗೆ ಬೆಳಗ್ಗೆಯೇ ಹೋಗಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅಲ್ಲಿ ಕರಿ ಡೋಲರೈಟ್ ಬಂಡೆಗಳಿವೆ. ಕೆಲವಕ್ಕೆ ಸಣ್ಣ ಕಲ್ಲಿನಿಂದ ಬಡಿದರೆ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಬಡಿದು ಬಡಿದು ನುಣ್ಣಗಾದ ಕುಳಿಗಳೂ ಕಾಣುತ್ತವೆ. ನೀವು ಬಡಿಯಬೇಡಿ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಸಾಕು.

ಮಧ್ಯಾಹ್ನ ದರೋಜಿ ಕರಡಿಧಾಮ. ಎದುರಿನ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಸಂಜೆ ಕರಡಿಗಳು ಇಳಿದು ಬರುತ್ತವೆ. ಮಾತಾಡದೆ ಕೂರಬೇಕು. ರಾತ್ರಿ ಆನೆಗುಂದಿ ಕಡೆ ಉಳಿಯಿರಿ. ಎರಡನೇ ದಿನ ಬೆಳಕು ಹರಿಯುವ ಮೊದಲೇ ಹಿರೇಬೆಣಕಲ್. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಮನೆಗಳು (ಚಪ್ಪಡಿ ಕಲ್ಲಿನ ಸಮಾಧಿಗಳು) ನಾಲ್ಕುನೂರಕ್ಕಿಂತ ಹೆಚ್ಚು ಇವೆ, ಮೋರೇರ ಗುಡ್ಡ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಹತ್ತುವ ದಾರಿ ಕಲ್ಲುಮುಳ್ಳು, ನೀರು ಸಿಗುವುದಿಲ್ಲ, ನೆರಳೂ ಕಡಿಮೆ. ತಲೆಗೆ ನಾಲ್ಕು ಲೀಟರ್ ಲೆಕ್ಕ ಅಲ್ಲಿಗೂ ಸರಿ. ಅಪ್ಪ ಅಮ್ಮನಿಗೆ ಅವಸರ ಮಾಡಬೇಡಿ. ಕಲ್ಲುಮನೆಗಳ ನಡುವೆ ಒಂದು ಕಡೆ ಸುಮ್ಮನೆ ಕೂರಿಸಿ.

ಕೌಲ್‌ಬಜಾರ್_ಹುಡುಗ

ಸರ್, ಟೀಚರ್, ಹೋಗಿ ಬಂದ್ವಿ. ಮೊನ್ನೆ ಶನಿವಾರ ಭಾನುವಾರ.

ಕುಪ್ಪಗಲ್ಲಲ್ಲಿ ದಾರಿ ತೋರಿಸೋಕೆ ಯಾರನ್ನಾದ್ರೂ ಹುಡುಕೋಣ ಅಂತ ನಾನು ಊರೊಳಗೆ ಹೊರಟೆ. ಅಪ್ಪ "ಬೇಡ, ಬಾ" ಅಂದ್ರು. ಅವರೇ ಮುಂದೆ ನಡೆದ್ರು. ಅರ್ಧ ಗುಡ್ಡ ಹತ್ತಿದ ಮೇಲೆ ಒಂದು ಕರಿ ಬಂಡೆ ಹತ್ತಿರ ನಿಂತು, ಚಪ್ಪಲಿ ಬಿಟ್ಟು, ಗೆಣ್ಣಿನಿಂದ ಮೂರು ಸಲ ತಟ್ಟಿದ್ರು. ಟಣ್ ಅಂತು. ಸಣ್ಣವರಿದ್ದಾಗ ಆಡು ಮೇಯಿಸೋಕೆ ಬಂದವರು ತಪ್ಪಿಸಿಕೊಂಡ ಆಡನ್ನ ಕರೆಯೋಕೆ ಇದನ್ನ ಬಡೀತಿದ್ರಂತೆ. ನನಗೆ ಇಪ್ಪತ್ತೇಳು ವರ್ಷ, ಒಂದು ಸಲವೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದೆ. "ನೀನು ಕೇಳಲಿಲ್ಲ" ಅಂದ್ರು.

ಅಮ್ಮ ಹಿರೇಬೆಣಕಲ್ ಪೂರ್ತಿ ಹತ್ತಿದ್ರು. ಕರಡಿ ನಾಲ್ಕು ಕಂಡ್ವು, ಒಂದರ ಬೆನ್ನ ಮೇಲೆ ಮರಿ ಇತ್ತು.

ಎಡದಂಡೆ_ಗಂಗಾವತಿ

(ಮನೆಯವರು.)

ತಮ್ಮಾ, ಓದಿ ಇವರಿಗೂ ಓದಿ ಹೇಳಿದೆ. ಮುಂದಿನ ತಿಂಗಳು ನಮ್ಮ ಹಳೆ ಸಾಲಿಯ ಹತ್ತನೇ ತರಗತಿ ಮಕ್ಕಳನ್ನ ಕುಪ್ಪಗಲ್ಲಿಗೆ ಕರಕೊಂಡು ಬರೂದಂತ ಮಾಡೀನಿ, ಹೆಡ್‌ಮಾಸ್ತರು ಒಪ್ಯಾರ. ನಿಮ್ಮ ಅಪ್ಪಾಜಿ ಒಂದು ಬೆಳಗ್ಗೆ ಬಂದು ಮಕ್ಕಳಿಗೆ ಆ ಕಲ್ಲು ತೋರಿಸ್ತಾರೇನು, ಕೇಳಿ ಹೇಳ್ರಿ. ಎಷ್ಟು ಗಂಟೆಗೆ ಹತ್ತಿದ್ರ ಅವರಿಗೆ ಅನುಕೂಲ ಅಂತಾನೂ ಕೇಳ್ರಿ. ರೊಟ್ಟಿ ಬುತ್ತಿ ನಮ್ಮದು.